ಹದಿನಾಲ್ಕನೆಯ ಹಗೇವು

ಎರಿಗುಪ್ಪಿಯ ಲಗಮಪ್ಪನಿಗೆ ಊರ ಹಿರಿಯರ ಮಾತು ಒಂದೊಂದು ಸಲ ಕೇಳಿಸುತ್ತಿರಲಿಲ್ಲ. ಕೇಳಿಸಿದರೂ ಕೇಳಿಸದ ಹಾಗೆ ಇರುತ್ತಿದ್ದ. ಆದರೆ ಕಾಲ ಕೆಳಗಿನ ನೆಲ ಗಟ್ಟಿಯೋ ಪೊಳ್ಳೋ ಎನ್ನುವುದು ಮಾತ್ರ ಅವನಿಗೆ ತಪ್ಪದೆ ಕೇಳಿಸುತ್ತಿತ್ತು. ಹಾರೆಯನ್ನು ಮೊಣಕಾಲೆತ್ತರದಿಂದ ಕೈಬಿಟ್ಟು, ತಲೆ ಒಂದು ಕಡೆ ವಾಲಿಸಿ, "ಇಲ್ಲಿ ಹೊಟ್ಟಿ ಐತಿ" ಎಂದನೆಂದರೆ ಅಲ್ಲಿ ಹೊಟ್ಟೆ ಇದ್ದೇ ಇರುತ್ತಿತ್ತು. ಹೊಟ್ಟೆ ಎಂದರೆ ಹಗೇವು.

ಈಗಿನವರಿಗೆ ಹಗೇವನ್ನೂ ಬಿಡಿಸಿ ಹೇಳಬೇಕು. ಗೋದಾಮು ಇಲ್ಲದ ಕಾಲದಲ್ಲಿ ಜೋಳ ಕಾಯುತ್ತಿದ್ದದ್ದು ನೆಲವೇ. ಮೂಡಲಗಿ ಕಡೆಯ ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕೈ ತೂರುವಷ್ಟು ಬಿರಿಯುತ್ತದೆ. ಅದರೊಳಗೆ ಕಾಳು ಇಟ್ಟರೆ ಒಂದೇ ಮಳೆಗಾಲಕ್ಕೆ ಮುಗ್ಗು. ಅದಕ್ಕೇ ಊರ ಬಾಜೂ ಇದ್ದ ಗರಸಿನ, ಅಂದರೆ ನೀರು ಹಿಡಿಯದ ಗಟ್ಟಿ ಜಲ್ಲಿ ಮಣ್ಣಿನ, ದಿಬ್ಬದಲ್ಲಿ ಹಿರಿಯರು ಹಗೇವು ತೋಡಿಸಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಎರಡಾಳು ಆಳ, ನೂರು ಚೀಲ ಹಿಡಿಯುವಷ್ಟು ಅಗಲ. ಕಾಳು ತುಂಬಿ, ಬಾಯಿಗೆ ಬಂಡೆ ಎಳೆದು, ಮಣ್ಣು ಹಾಕಿ ನೆಲಕ್ಕೆ ಸಮ ಮಾಡಿಬಿಟ್ಟರೆ ಕಳ್ಳನಿಗೂ ಗೊತ್ತಾಗುತ್ತಿರಲಿಲ್ಲ, ಒಮ್ಮೊಮ್ಮೆ ಧಣಿಗೂ ಗೊತ್ತಾಗುತ್ತಿರಲಿಲ್ಲ.

ಗೊತ್ತಿರುತ್ತಿದ್ದುದು ಲಗಮಪ್ಪನ ಮನೆತನಕ್ಕೆ. ಯಾವ ಗುರುತಿನಿಂದ, ಯಾವ ದಿಕ್ಕಿಗೆ, ಎಷ್ಟು ಹೆಜ್ಜೆ ಎನ್ನುವ ಲೆಕ್ಕ ಅಪ್ಪನ ಬಾಯಿಂದ ಮಗನ ಕಿವಿಗೆ ಹೋಗಬೇಕು, ಮೂರನೆಯ ಕಿವಿಗೆ ಬೀಳಬಾರದು. 'ಹಗೇವಿನ ಲೆಕ್ಕ ಹಾಸಿಗ್ಯಾಗೂ ಬಾಯಿ ಬಿಡಬ್ಯಾಡ' ಎಂಬ ಮಾತು ಅವರಲ್ಲಿತ್ತು. ಹೊಲವಿಲ್ಲದ, ಊರ ಬಾವಿಗೆ ಕೊಡ ಇಳಿಸುವ ಹಕ್ಕೂ ಇಲ್ಲದ ಕೇರಿಯವರ ಕೈಯಲ್ಲಿ ಊರಿನ ಅಷ್ಟೂ ಅನ್ನದ ಗುಟ್ಟಿತ್ತು. ಇದ್ದ ಆಸ್ತಿ ಅದೊಂದೇ, ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

ಹಗೇವು ತೆಗೆಯುವುದಕ್ಕೂ ರೀತಿ ಇತ್ತು. ಬಂಡೆ ಸರಿಸಿ ಒಂದು ಹಗಲು ಬಿಡಬೇಕು, ಒಳಗಿನ ಕೆಟ್ಟ ಉಸಿರು ಹೋಗಬೇಕು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿಯಬಾರದು. ಎಪ್ಪತ್ತಾರನೆಯ ಇಸವಿಯ ಬೇಸಿಗೆಯಲ್ಲಿ ದಿಬ್ಬದ ತುದಿಯ ಹಗೇವಿನಲ್ಲಿ ದೀಪ ಆರಿತು. ಹಗೇವು ಈಗಿನ ಧಣಿ ರಾಚಪ್ಪನ ಅಪ್ಪನದು. ಗೋಕಾಕದ ವ್ಯಾಪಾರಿಯ ಗಾಡಿ ಬಂದು ನಿಂತಿತ್ತು, ಧಣಿಗೆ ಅವಸರ. "ಗಾಳಿಗಿ ಆರೇತೇಳು, ಇಳಿ" ಎಂದ. ಲಗಮಪ್ಪನ ಅಪ್ಪ ಸೋಮಪ್ಪ ಇಳಿದ. ಇಪ್ಪತ್ತು ವರ್ಷದ ಲಗಮಪ್ಪ ಮೇಲೆ ಹಗ್ಗ ಹಿಡಿದು ನಿಂತಿದ್ದ. ಹಗ್ಗ ಎರಡು ಸಲ ಜಗ್ಗಿತು. ಮೂರನೆಯ ಸಲ ಜಗ್ಗಲಿಲ್ಲ.

ಹೆಣವನ್ನು ಕೊಕ್ಕೆ ಹಾಕಿ ಎಳೆದು ತೆಗೆದರು. ಹಗೇವನ್ನು ಮಣ್ಣು ತುಂಬಿ ಮುಚ್ಚಬೇಕಾಗಿತ್ತು, ಆದರೆ ಆಳಿನ ಸಾವಿಗೆ ಮೂವತ್ತು ಗಾಡಿ ಮಣ್ಣು ಯಾರು ಹೊಡೆಸುತ್ತಾರೆ? ಕಬ್ಬಿನ ಒಣ ಎಲೆಯ ರವದಿ, ಕಣದ ಹೊಟ್ಟು ತುರುಕಿ, ಬಂಡೆ ಎಳೆದು, ಮೇಲೆ ಒಂದು ಮೊಳ ಮಣ್ಣು ಎಳೆದು ಕೈತೊಳೆದುಕೊಂಡರು. ತಾಯಿ ಕೆಂಚವ್ವ ಮಗನನ್ನು ಕೂಡಿಸಿಕೊಂಡು ಹೇಳಿದಳು: "ಹೆಣ ಮಣ್ಣಿಗಿ ಹೋತು, ಆದ್ರ ನಿಮ್ಮಪ್ಪನ ಉಸುರು ಅಲ್ಲೇ ಐತಿ. ಅಲ್ಲಿ ಕಬ್ಬಣ ಹಚ್ಚಬ್ಯಾಡ. ಎದಿ ಮ್ಯಾಲ ಹಾರಿ ಹಾಕಿದಂಗ ಆಕ್ಕೈತಿ." ಆವತ್ತಿನಿಂದ ಲಗಮಪ್ಪನಿಗೆ ಈ ಲೋಕದಲ್ಲಿ ಬೇಕಾಗಿದ್ದುದು ಒಂದೇ. ಅಪ್ಪನನ್ನು ನುಂಗಿದ ಆ ಹಗೇವು ಇನ್ನೊಬ್ಬರನ್ನು ನುಂಗಬಾರದು. ಅದರ ಲೆಕ್ಕವನ್ನು ಅವನು ಜಪದ ಹಾಗೆ ಇಟ್ಟುಕೊಂಡ: ಕೇರಿಯ ದೇವಿ ಲಗಮವ್ವನ ಕಲ್ಲಿನಿಂದ ಮೂಡಣಕ್ಕೆ ನಲವತ್ತು ಹೆಜ್ಜೆ.

ಮುಂದೆ ಗೋದಾಮುಗಳು ಬಂದವು, ಜೋಳದ ಹೊಲಗಳಿಗೆ ಕಬ್ಬು ಬಂತು, ಹಗೇವುಗಳು ಬಾಯಿ ಮುಚ್ಚಿದವು. ಲಗಮಪ್ಪ ಉದ್ದವ್ವನನ್ನು ಮದುವೆಯಾದ; ಹದಿನಾಲ್ಕು ವರ್ಷಕ್ಕೆ ಒಬ್ಬಳೇ ಮಗಳು ಅನುರಾಧಾ ಹುಟ್ಟಿದಳು. ಹೊಟ್ಟೆಪಾಡಿಗೆ ಅವನು ಹುಕ್ಕೇರಿ ತಾಲೂಕಿನ ಕಣಗಲಾದ ಕಡೆ ಹೆದ್ದಾರಿ ಕೆಲಸಕ್ಕೆ ಹೋಗಿ ಆರು ವರ್ಷ ಅಲ್ಲೇ ಇದ್ದ. ಊರಿಗೆ ಬರುತ್ತಿದ್ದುದು ವರ್ಷಕ್ಕೆ ಎರಡು ದಿನ, ಅದೂ ಮಗಳ ಮುಖ ನೋಡುವುದಕ್ಕೆ. ಕೊನೆಗೆ ಗಂಟುಮೂಟೆ ಕಟ್ಟಿಕೊಂಡು ಬಂದಾಗ ಊರಿಗೆ ಡಾಂಬರು ರಸ್ತೆ ಬಂದಿತ್ತು, ಲಗಮವ್ವನ ಕಲ್ಲಿಗೆ ಸಿಮೆಂಟಿನ ಕಟ್ಟೆಯಾಗಿ ಹಳದಿ ಬಣ್ಣ ಏರಿತ್ತು. ಚಂದಾಗೈತಿ ಎಂದು ಕೈಮುಗಿದ, ಅಷ್ಟೇ.

ಅನುರಾಧಾ ಕಲಿತು ನರ್ಸ್ ಆದಳು, ಮೂಡಲಗಿಯ ದವಾಖಾನೆಯಲ್ಲಿ ಪಗಾರ ಶುರುವಾಯಿತು. ಮನೆಯ ಗೋಡೆಗೆ ಅವಳು ಬುದ್ಧನ ಪಟ ತಂದು ಹಾಕಿದಳು. ಉದ್ದವ್ವ ಅದರ ಕೆಳಗೇ ಲಗಮವ್ವನಿಗೆ ದೀಪ ಹಚ್ಚಿದಳು. ಬುದ್ಧನೂ ತಕರಾರು ಮಾಡಲಿಲ್ಲ, ಲಗಮವ್ವನೂ ಮಾಡಲಿಲ್ಲ. ಅಪ್ಪನ ಹಗೇವಿನ ಕಥೆಗಳೆಂದರೆ ಅನುರಾಧಾಳಿಗೆ ಪ್ರಾಣ. "ಲೆಕ್ಕ ಹೇಳಪಾ, ಮೊಬೈಲ್‌ನ್ಯಾಗ ಬರದ ಇಡ್ತೇನಿ. ನಿನ್ನ ತಲಿ ಒಳಗಿದ್ರ ನಿನ್ನ ಕೂಡ ಹೊಕ್ಕೈತಿ ಅದು" ಎಂದು ಕಾಡುತ್ತಿದ್ದಳು.

"ಬರಿಯೂದಲ್ಲವ್ವಾ ಅದು," ಎಂದು ಅವನು ನಗುತ್ತಿದ್ದ.

ಎರಡು ಸಾವಿರದ ಹತ್ತೊಂಬತ್ತರ ಆಗಸ್ಟ್‌ನಲ್ಲಿ ಘಟಪ್ರಭೆ ಊರೊಳಗೆ ಬಂದಳು. ನಾಲ್ಕು ದಿನ ನಿಂತು ನಿಧಾನಕ್ಕೆ ಹೋದಳು. ನೀರು ಇಳಿದ ಮೇಲೆ ಎರಿ ಮಣ್ಣಿನ ಗೋಡೆಗಳು ಒಂದೊಂದಾಗಿ ಕೂತವು. ನಿಂತಿದ್ದ ಮನೆಗಳ ಬುನಾದಿಯೂ ಹೊಯ್ದಾಡಿ, ಮೂಲೆಯಿಂದ ಮೂಲೆಗೆ ಸೀಳು ಬಿಟ್ಟಿತ್ತು. ಕೇರಿ ಪೂರಾ ಹೋಯಿತು. ನದಿಗೆ ಎಟುಕದ ಜಾಗ ಎಂದರೆ ದಿಬ್ಬ ಒಂದೇ. ಐವತ್ತು ಮನೆ ಅಲ್ಲೇ ಕಟ್ಟುವುದೆಂದು ತೀರ್ಮಾನವಾಯಿತು. ಅಳತೆಗೆ ಬಂದ ಎಂಜಿನಿಯರ್ ಕಿಶೋರ ಚಿಕ್ಕ ವಯಸ್ಸಿನವನು, ಆದರೆ ತಿಳಿದವನು. ದಿಬ್ಬದಲ್ಲಿ ಹಗೇವುಗಳಿವೆ ಎಂದು ಯಾರೋ ಹೇಳಿದ್ದೇ ತಡ, ಕೆಲಸ ನಿಲ್ಲಿಸಿ ಲಗಮಪ್ಪನಿಗೆ ಹೇಳಿಕಳಿಸಿದ. ಬಂದವನಿಗೆ ಕುರ್ಚಿ ಕೊಟ್ಟ. ಅರವತ್ಮೂರು ವರ್ಷದಲ್ಲಿ ಊರ ನಡುವೆ ಲಗಮಪ್ಪನಿಗೆ ಸಿಕ್ಕ ಮೊದಲ ಕುರ್ಚಿ ಅದು. ಅದರ ತುದಿಗೇ ಕೂತ.

ಮಾರನೆಯ ದಿನ ಲಗಮಪ್ಪ ಹಾರೆ ಹಿಡಿದು ದಿಬ್ಬ ಹತ್ತಿದ. ಅದನ್ನು ನೋಡಲು ಊರಿಗೆ ಊರೇ ನೆರೆದಿತ್ತು. ಕೈ ಹಿಂದೆ ಕಟ್ಟಿಕೊಂಡು, ಉಂಡದ್ದು ಅರಗಲಿ ಎಂದು ಅಡ್ಡಾಡುವವನ ಹಾಗೆ ನಡೆದು, ಒಂದೊಂದು ಹಗೇವಿಗೆ ಒಂದೊಂದು ಗುರುತಿನಿಂದ, ತುಟಿ ಅಲ್ಲಾಡಿಸದೆ ಹೆಜ್ಜೆ ಎಣಿಸುತ್ತಿದ್ದ. ನಿಂತಲ್ಲಿ ಹಾರೆ ಬಿಡುತ್ತಿದ್ದ. ನೆಲ ದಸಕ್ ಎಂದರೆ ಒಂದಡಿ ಆ ಕಡೆ, ಒಂದಡಿ ಈ ಕಡೆ. ಢಂ ಎಂದ ಕೂಡಲೇ ಸುಣ್ಣ ಚೆಲ್ಲಿಸುತ್ತಿದ್ದ. ಸಂಜೆಯೊಳಗೆ ಹದಿಮೂರು ಹಗೇವು ಹಿಡಿದುಕೊಟ್ಟ. ಕಿಶೋರ ಅಷ್ಟನ್ನೂ ಬಾಯಿ ತೆಗೆಸಿ, ಕಲ್ಲು ಕಾಂಕ್ರೀಟು ತುಂಬಿಸಿದ. "ಕಾಕಾ, ನಮ್ಮ ಮಷೀನ್ ಬರೂದ ಬ್ಯಾಡ ನೋಡ್ರಿ ನೀವಿದ್ರ" ಎಂದ. ಗುಂಪಿನಲ್ಲಿದ್ದ ಅನುರಾಧಾ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದಳು. ಉದ್ದವ್ವ ಅವಳ ಕೈಗೆ ಒಂದೇಟು ಕೊಟ್ಟಳು.

ಹದಿನಾಲ್ಕನೆಯದಕ್ಕೆ ಲಗಮಪ್ಪ ಒಬ್ಬನೇ ಹೋದ. ಲಗಮವ್ವನ ಕಲ್ಲಿಗೆ ಬೆನ್ನು ಮಾಡಿ ನಿಂತು ಮೂಡಣಕ್ಕೆ ನಡೆದ. ನಲವತ್ತಕ್ಕೆ ನಿಂತ. ಕಿಶೋರ ಹತ್ತಿರ ಬಂದು, "ಇಲ್ಲಿನೂ ಹಾರಿ ಹಾಕಿ ನೋಡ್ರಿ" ಎಂದ.

"ಇಲ್ಲಿ ಕಬ್ಬಣ ಹಚ್ಚಂಗಿಲ್ರಿ ಸಾಹೇಬ್ರ. ಇಲ್ಲಿ ನಮ್ಮಪ್ಪ ಅದಾನ."

"ಖಾತ್ರಿ ಇಲ್ಲೇ ಏನ್ರಿ?"

"ನಲವತ್ತ್ಮೂರು ವರ್ಷಾತ್ರಿ, ಒಂದಿನ ಮರ್ತಿಲ್ಲ."

ಹೇಗೆ ಗೊತ್ತು ಎಂದು ಕಿಶೋರ ಕೇಳಲಿಲ್ಲ. ಕೇಳಿದ್ದರೂ ಲಗಮಪ್ಪ ಹೇಳುತ್ತಿರಲಿಲ್ಲ. ಮುದುಕನ ಕಣ್ಣು ನೋಡಿ ಆ ಹುಡುಗ ಟೋಪಿ ತೆಗೆದ. ಇದನ್ನು ಅಗೆಯುವುದು ಬೇಡ, ಸುತ್ತ ಇಪ್ಪತ್ತಡಿ ಬಿಟ್ಟು ತಂತಿ ಬೇಲಿ ಹಾಕೋಣ ಎಂದ. ಒಳ್ಳೆಯ ಮನುಷ್ಯ. ಮರ್ಯಾದೆಯಿಂದಲೂ ಅನಾಹುತವಾಗುತ್ತದೆ ಎಂದು ಅವನಿಗೆ ಯಾವ ಕಾಲೇಜಿನಲ್ಲಿ ಕಲಿಸಿಯಾರು?

ಬೇಲಿಗೆ ಹತ್ತಿದ, ಮೂಡಣ ಕಡೆಯ ಮನೆ ಯಾರಿಗೂ ಬೇಡವಾಯಿತು. ಸತ್ತವನ ಉಸಿರಿನ ಬಾಜೂ ಯಾರು ಮಲಗುತ್ತಾರೆ ಎಂದು ಎಲ್ಲರೂ ಹಿಂದೆ ಸರಿದರು. "ನಾ ತಗೋತೇನಿ," ಎಂದ ಲಗಮಪ್ಪ. "ನಮ್ಮಪ್ಪ ನನಗೇನ್ ಮಾಡ್ತಾನ? ಯಾರರ ಕಾಯಾಕ ಬೇಕಲ್ಲ." ಇಪ್ಪತ್ತೊಂದನೆಯ ಇಸವಿಯಲ್ಲಿ ಮನೆ ಕೈಗೆ ಬಂತು. ಅನುರಾಧಾ ತನ್ನ ಪಗಾರದಿಂದ ಹಿತ್ತಲಲ್ಲಿ ಚಿಲಕವಿರುವ ಬಚ್ಚಲು ಕಟ್ಟಿಸಿದಳು. ಪಕ್ಕಕ್ಕೆ ಬಟ್ಟೆ ಒಗೆಯುವ ಕಲ್ಲು. ನೀರು ಇಂಗಲಿ ಎಂದು ಒಂದು ಗುಂಡಿ. ಉದ್ದವ್ವ ಅಮಾವಾಸ್ಯೆಗೊಮ್ಮೆ ಬೇಲಿಯೊಳಗೆ ಕೈ ತೂರಿಸಿ ಮಾವನ ಹೆಸರಿನಲ್ಲಿ ದೀಪ ಇಡುತ್ತಿದ್ದಳು. ಲಗಮಪ್ಪ ಬೆಳಿಗ್ಗೆ ಎದ್ದು ಮೊದಲು ಬೇಲಿ ಸುತ್ತಿ ಬರುತ್ತಿದ್ದ. ಆಡು ಮೇಯಿಸುವವರು ಹತ್ತಿರ ಬಂದರೆ ಬೈದು ಅಟ್ಟುತ್ತಿದ್ದ. ಮೂರು ವರ್ಷ ಅವರು ಸುಖವಾಗಿದ್ದರು.

ಎರಡು ಸಾವಿರದ ಇಪ್ಪತ್ನಾಲ್ಕರ ಜುಲೈನಲ್ಲಿ ಹದಿನೈದು ದಿನ ಬಿಡದೆ ಮಳೆ ಹಿಡಿಯಿತು. ನದಿ ಮತ್ತೆ ಹಳೆಯ ಕೇರಿಗೆ ಬಂತು, ಈ ಸಲ ಅಲ್ಲಿ ಮುಳುಗಲು ಯಾರೂ ಇರಲಿಲ್ಲ. ದಿಬ್ಬದವರು ಕಟ್ಟೆಯ ಮೇಲೆ ಕೂತು ಸಿನಿಮಾ ನೋಡಿದ ಹಾಗೆ ನೀರು ನೋಡಿದರು. ಅದೊಂದು ರವಿವಾರ, ಮಳೆ ಸ್ವಲ್ಪ ಹೊಳವಾಗಿತ್ತು. ಅನುರಾಧಾಳಿಗೆ ರಜೆ. "ನಾಳಿಗಿ ಡ್ಯೂಟಿ ಡ್ರೆಸ್ ಇಲ್ಲ" ಎಂದು ಬಿಳಿ ಬಟ್ಟೆಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಲಗಮಪ್ಪ ಮುಂದಿನ ಕಟ್ಟೆಯ ಮೇಲೆ ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತಿದ್ದ. ಒಗೆಯುವ ಸಪ್ಪಳ ಕೇಳಿಸುತ್ತಿತ್ತು. ಆಮೇಲೆ ಢಂ ಎಂದಿತು.

ಉದ್ದವ್ವ ಗುಡುಗು ಎಂದುಕೊಂಡಳು. ಅವನು ಹಾಗೆ ಅಂದುಕೊಳ್ಳಲಿಲ್ಲ. ಬಸಿ ಎಲ್ಲಿ ಬಿತ್ತೋ, ಓಡಿದ. ಹಿತ್ತಲಿನಲ್ಲಿ ಬಚ್ಚಲಿಲ್ಲ, ಕಲ್ಲಿಲ್ಲ, ಮಗಳಿಲ್ಲ. ಹತ್ತಡಿ ಅಗಲದ ಕಪ್ಪು ಬಾಯಿ ಇತ್ತು, ಅದರೊಳಗಿಂದ ಕೊಳೆತ ರವದಿಯ ವಾಸನೆ ಬರುತ್ತಿತ್ತು. ಐವತ್ತು ವರ್ಷ ಹತ್ತಿರ ಬಂದರೂ ಆ ವಾಸನೆ ಅವನಿಗೆ ಗುರುತು ಸಿಕ್ಕಿತು. ಕೂಗಿಗೆ ಜನ ಕೂಡಿದರು. ಯಾರೋ ಮೊಬೈಲಿನ ಬೆಳಕು ಬಿಟ್ಟರು. ಆ ಬೆಳಕು ಕೆಟ್ಟ ಗಾಳಿಗೆ ಆರುವಂಥದ್ದಲ್ಲ, ಅದರಿಂದ ಏನೂ ತಿಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕಂದೀಲು ಒಬ್ಬರ ಮನೆಯಲ್ಲೂ ಇರಲಿಲ್ಲ, ಇದ್ದರೂ ಅವನು ಕಾಯುತ್ತಿರಲಿಲ್ಲ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದೇಬಿಟ್ಟ. ಅರವತ್ತೆಂಟರ ಮುದುಕ ಬರಿಗೈಯಲ್ಲಿ ಕೆಸರು ತೋಡಿದ. ಎರಡು ಸಲ ಜ್ಞಾನ ತಪ್ಪಿ ಮೇಲೆ ಎಳೆದರು, ಎರಡು ಸಲವೂ ತಿರುಗಿ ಇಳಿದ. ಮಧ್ಯಾಹ್ನದ ಹೊತ್ತಿಗೆ ಮಗಳು ಸಿಕ್ಕಳು. ಇಪ್ಪತ್ತೇಳು ವರ್ಷದ ಹುಡುಗಿ. ಮುಷ್ಟಿಯಲ್ಲಿ ಹಿಂಡುತ್ತಿದ್ದ ಬಟ್ಟೆ ಹಾಗೇ ಇತ್ತು.

ಕಿಶೋರ ಬೆಳಗಾವಿಯಿಂದ ಬಂದು ಹೊಂಡದ ಅಂಚಿನಲ್ಲಿ ಕೆಸರಿನಲ್ಲೇ ಕೂತುಬಿಟ್ಟ. "ನಂದ ತಪ್ಪು ಕಾಕಾ, ಅಗದು ನೋಡಬೇಕಾಗಿತ್ತು," ಎಂದು ಅತ್ತ. ಬೇಲಿಯೊಳಗೆ ಅಗೆಸಿ ನೋಡಿದರು: ಹತ್ತಡಿ ಹೋದರೂ ಗಟ್ಟಿ ಗರಸು. ಮೂರು ವರ್ಷ ಲಗಮಪ್ಪ ಕಾದದ್ದು, ಉದ್ದವ್ವ ದೀಪ ಇಟ್ಟದ್ದು ಬರೀ ನೆಲಕ್ಕೆ. ಅಪ್ಪನ ಹಗೇವು ಬೇಲಿಯ ಆಚೆ, ಅವನ ಹಿತ್ತಲಲ್ಲೇ ಇತ್ತು. ಮಳೆ ನೀರು ಮೇಲಿಂದ, ಬಚ್ಚಲ ನೀರು ಬಗಲಿಂದ ಇಳಿದಿಳಿದು ಬಂಡೆಯ ಸುತ್ತಲಿನ ಮಣ್ಣನ್ನು ಸಡಿಲಿಸಿದ್ದವು.

ಊರು ತೀರ್ಪು ಕೊಡಲು ತಡ ಮಾಡುವುದಿಲ್ಲ. "ವಯಸ್ಸು ಯಾರನ್ನ ಬಿಟ್ಟೈತಿ? ಜಾಗಾ ಮರ್ತಾನ," ಎಂದ ರಾಚಪ್ಪ. ಮಣ್ಣಿನ ಬದಲು ರವದಿ ತುರುಕಿಸಿದ ತನ್ನ ಅಪ್ಪನ ಸುದ್ದಿ ಅವನ ಬಾಯಿಗೆ ಬರಲಿಲ್ಲ, ಬೇರೆ ಯಾರ ಬಾಯಿಗೂ ಬರಲಿಲ್ಲ. ದಿಬ್ಬದ ಆ ಸಾಲಿನ ನಾಲ್ಕು ಮನೆಗಳನ್ನು ತೆರವು ಮಾಡಿಸಿದರು. ಲಗಮಪ್ಪ, ಉದ್ದವ್ವರಿಗೆ ಸಾಲೆಯ ಒಂದು ಖೋಲಿ ಕೊಟ್ಟರು. ಉದ್ದವ್ವ ಅತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ಕೂತಿದ್ದಳು. ನೀರು ಕೊಟ್ಟರೆ ಕುಡಿಯುತ್ತಿದ್ದಳು, ಕೊಡದಿದ್ದರೆ ಇಲ್ಲ. ಬಂದ ಹೆಂಗಸರು ಅವಳ ಬೆನ್ನು ಸವರಿ, "ಅತ್ತಬಿಡ ಯಕ್ಕಾ, ಎದಿ ಒಡದೀತು" ಎನ್ನುತ್ತಿದ್ದರು.

ಹನ್ನೆರಡನೆಯ ದಿನ ಲಗಮಪ್ಪ ಲಗಮವ್ವನ ಕಲ್ಲಿಗೆ ಹೋದ. ಬೆನ್ನು ಮಾಡಿ ನಿಂತು ಮೂಡಣಕ್ಕೆ ನಡೆದ. ನಲವತ್ತಕ್ಕೆ ಕಿತ್ತ ಬೇಲಿಯ ನಡುವೆ, ಅಗೆದು ಮುಚ್ಚಿದ್ದ ಜಾಗಕ್ಕೆ ಬಂದ. ನಿಲ್ಲದೆ ಮುಂದೆ ನಡೆದ. ಐವತ್ತೊಂದಕ್ಕೆ ಹೊಂಡದ ಅಂಚು. ತಿರುಗಿ ಹೋಗಿ ಮತ್ತೆ ಎಣಿಸಿದ. ಮತ್ತೆ ಐವತ್ತೊಂದು. ಮುಪ್ಪಿನ ಹೆಜ್ಜೆ ಗಿಡ್ಡ ಎಂದು ಬೀಸಿ ಬೀಸಿ ಇಟ್ಟು ನೋಡಿದ, ಆದರೂ ನಲವತ್ತಕ್ಕೆ ಹೊಂಡ ಇನ್ನೂ ಏಳೆಂಟು ಹೆಜ್ಜೆ ಮುಂದೆಯೇ ಇತ್ತು. ಅಪ್ಪ ಸುಳ್ಳು ಹೇಳಿದನೇ? ತಾನೇ ತಪ್ಪು ಕೇಳಿಸಿಕೊಂಡನೇ? ತಲೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತ.

ಸೈಕಲ್ಲಿನಲ್ಲಿ ಹೊರಟಿದ್ದ ಪಂಚಾಯಿತಿಯ ನೀರು ಬಿಡುವ ಯಲ್ಲೇಶ ಅವನನ್ನು ಕಂಡು ಇಳಿದ. ಏನು ಮಾತಾಡಬೇಕೆಂದು ತಿಳಿಯದೆ ಕಲ್ಲಿನ ಮಾತು ತೆಗೆದ. "ಅವ್ವಗ ನಮಸ್ಕಾರ ಮಾಡಾಕ ಬಂದ್ಯೇನ್ ಕಾಕಾ? ಕೆಳಗಿಳಿಸಿ ತಂದ ಮ್ಯಾಲ ಈ ದೇವಿ ನಮ್ಮನ್ನ ಮರ್ತಳು ಅನಸ್ತೈತಿ."

"ಎಲ್ಲಿಂದ ಇಳಿಸಿ ತಂದ್ರೋ?"

"ನೀ ಆವಾಗ ಕಣಗಲಾದಾಗಿದ್ದೆಲ್ಲ? ಡಾಂಬರ್ ರಸ್ತಾ ಬರೂ ಮುಂದ ಕಲ್ಲು ರಸ್ತಾದ ನಡಬರಕ ಬಂತು. ಪಡುವಣಕ್ಕ ಸರಿಸಿದಿವಿ, ಒಂದ ಹತ್ತು ಹನ್ನೊಂದು ಹೆಜ್ಜಿ. ಡೊಳ್ಳು, ಭಂಡಾರ, ಭಾಳ ಥಾಟಿಲೆ ಮಾಡಿದಿವಿ. ಮುಂದ ಕುಂಭ ಹೊತ್ತಾಕಿ ನಿಮ್ಮ ಉದ್ದವ್ವನ ಅಲ್ಲೇನು? ಅನುರಾಧಾ ಆಕೀ ಸೆರಗ ಹಿಡಕೊಂಡ ಬಂದಿತ್ತು."

ಲಗಮಪ್ಪ "ಹೌದೇನು" ಎಂದ. ಯಲ್ಲೇಶ ಸೈಕಲ್ ಹತ್ತಿ ಹೋದ.

ಕಲ್ಲು ಸರಿದದ್ದು ಊರಿಗೆಲ್ಲ ಗೊತ್ತು, ಲೆಕ್ಕ ಯಾರಿಗೂ ಗೊತ್ತಿಲ್ಲ. ಲೆಕ್ಕ ಅವನಿಗೆ ಗೊತ್ತು, ಕಲ್ಲು ಸರಿದದ್ದು ಗೊತ್ತಿಲ್ಲ. ಒಂದು ದಿನ, ಒಂದೇ ಒಂದು ದಿನ, ಹೆಂಡತಿಯ ಮುಂದೆ "ಕಲ್ಲಿನಿಂದ ನಲವತ್ತು" ಎಂದು ಬಾಯಿ ಬಿಟ್ಟಿದ್ದರೆ ಅವಳು ರೊಟ್ಟಿ ತಟ್ಟುತ್ತಲೇ ಹೇಳಿಬಿಡುತ್ತಿದ್ದಳು. ಮಗಳು ಕೇಳಿದಾಗ ಹೇಳಿದ್ದರೆ ಮಗಳೇ ಹೇಳುತ್ತಿದ್ದಳು. ಮಗಳನ್ನು ಉಳಿಸುವ ಮಾತು ಅರ್ಧ ಅವನ ಹತ್ತಿರ, ಅರ್ಧ ಅವಳ ಹತ್ತಿರ, ಒಂದೇ ಮಾಡಿನ ಕೆಳಗೆ ಅಷ್ಟು ವರ್ಷ ಬಿದ್ದಿತ್ತು. ಅವನು ಕಟ್ಟೆಯ ಮೇಲೆ ಕೂತು ತನ್ನ ಬಾಯಿಗೆ ತಾನೇ ಹೊಡೆದುಕೊಂಡ.

ಸಾಲೆಯ ಖೋಲಿಗೆ ಬಂದಾಗ ಸಂಜೆಯಾಗಿತ್ತು. ಉದ್ದವ್ವ ಅದೇ ಗೋಡೆಗೆ ಕೂತಿದ್ದಳು. ಅವನು ಬಂದದ್ದು ತಿಳಿದು ಹನ್ನೆರಡು ದಿನದಲ್ಲಿ ಮೊದಲ ಸಲ ಈ ಕಡೆ ತಿರುಗಿದಳು. ಕಣ್ಣು ಒಣಗಿದ್ದವು.

"ಒಂದ ಮಾತ ಕೇಳ್ತೇನಿ. ಅಷ್ಟ ವರ್ಷ ನೆಪ್ಪಿಟ್ಟಿ. ನಿದ್ಯಾಗ ಎಬಸಿ ಕೇಳಿದ್ರೂ ಹೇಳಾಂವ ನೀನು. ಆವತ್ತು ಹೆಂಗ ತಪ್ಪೇತಿ?"

ಹೇಳಬಹುದಾಗಿತ್ತು. ನನ್ನ ತಪ್ಪಲ್ಲ, ಕಲ್ಲು ಸರಿದಿತ್ತು ಎಂದು ಹೇಳಿದ್ದರೆ ನಾಳೆ ರಾಚಪ್ಪನ ಬಾಯಿ ಮುಚ್ಚುತ್ತಿತ್ತು, ಊರ ಮುಂದೆ ಅಪ್ಪನ ವಿದ್ಯೆಯ ಮಾನ ಉಳಿಯುತ್ತಿತ್ತು. ಮಾತು ನಾಲಗೆಯ ತುದಿಗೇ ಬಂದಿತ್ತು. ಆದರೆ ಆ ಮಾತು ಕೇಳಿದ ಮೇಲೆ ಇವಳು ಏನು ಮಾಡಿಯಾಳು? ಕುಂಭ ಹೊತ್ತ ತಲೆಯನ್ನು ಯಾವ ಗೋಡೆಗೆ ಜಜ್ಜಿಕೊಂಡಾಳು? ತನ್ನ ಹತ್ತಿರವೂ ಒಂದು ಮಾತಿತ್ತು, ತಾನೂ ಆಡಲಿಲ್ಲ ಎಂದು ಸಾಯುವ ತನಕ ಎಣಿಸುತ್ತ ಕೂತಾಳು. ಅದು ಇಬ್ಬರಿಗೆ ಬೇಡ ಎನ್ನಿಸಿತು ಅವನಿಗೆ.

"ವಯಸ್ಸಾತಲ್ಲ," ಎಂದ. "ಮರ್ತೆ."

"ಮರ್ತಿ?"

"ಹೂಂ. ಮರ್ತೆ."

ಉದ್ದವ್ವ ಎದ್ದು ಬಂದು ಎರಡೂ ಕೈಯಲ್ಲಿ ಅವನ ಅಂಗಿ ಹಿಡಿದು ಜಗ್ಗಿದಳು, ಎದೆಗೆ ಗುದ್ದಿದಳು. "ನನ್ನ ಕೂಸಿನ ನುಂಗಿದೆಲ್ಲೋ! ನಿನ್ನ ನೆಪ್ಪಿಗಿ ಬೆಂಕಿ ಹತ್ತಲಿ! ಒಂದ ಮಾತ ನೆಪ್ಪಿಡಾಕ ಆಗಲಿಲ್ಲಲ್ಲೋ ನಿನಗ!" ಎಂದು ಚೀರಿದಳು. ಚೀರುತ್ತ ಚೀರುತ್ತ ಅವಳ ಗಂಟಲು ಒಡೆಯಿತು, ಹನ್ನೆರಡು ದಿನದಿಂದ ಬಾರದ ಕಣ್ಣೀರು ಬಂತು. ಅವನ ಎದೆಗೇ ಹಣೆ ಒತ್ತಿ ಮಗಳ ಹೆಸರು ಹಿಡಿದು ಅತ್ತಳು.

"ಹತ್ತಲಿ," ಎಂದ ಲಗಮಪ್ಪ, ಅವಳ ಬೆನ್ನ ಮೇಲೆ ಕೈ ಇಟ್ಟು. "ಹತ್ತಲಿ. ನೀ ಅಳು."